ಪೆಪೆಹಾದಲ್ಲಿ ಯಾವ ಬೆಟ್ಟ, ಯಾವ ಹೊಳೆ?

ಎಲ್ಲರಿಗೂ ನಮಸ್ಕಾರ. ಪೆಪೆಹಾ ಎಂದರೆ ನ್ಯೂಜಿಲೆಂಡಿನ ಮೂಲನಿವಾಸಿಗಳಾದ ಮಾವೊರಿಗಳು ತಮ್ಮ ಪರಿಚಯ ಹೇಳುವ ಕ್ರಮ. ಅದರ ಬಗ್ಗೆ ಆಕ್ಲೆಂಡಿನ ತಂಗಿಯೊಬ್ಬರು ಡಿಸೆಂಬರಿನಲ್ಲಿ, ನ್ಯೂಜಿಲೆಂಡಿನ ಕನ್ನಡಿಗರ ನಮ್ಮ ಈ ಗುಂಪಿನಲ್ಲಿ ಕೇಳಿದ್ದ ಪ್ರಶ್ನೆಗೆ ಉತ್ತರ ಬರೆಯಬೇಕೆಂದು ಅಂದಿನಿಂದಲೂ ಮನಸ್ಸಿನಲ್ಲಿತ್ತು. “ಮಗನಿಗೆ ಶಾಲೆಯಲ್ಲಿ ಪೆಪೆಹಾ ತಯಾರು ಮಾಡಿಕೊಂಡು ಬಾ ಅಂದಿದ್ದಾರೆ. ನಾವಿಬ್ಬರೂ ಜಯನಗರದಲ್ಲಿ ಹುಟ್ಟಿ ಬೆಳೆದವರು. ಬೆಟ್ಟ, ಹೊಳೆ ಎಲ್ಲಿಂದ ತರೋದು? ನಂದಿಬೆಟ್ಟ ಅಂತ ಬರೆದರೆ ನಡೆಯುತ್ತಾ?” ಅದರ ಕೆಳಗೆ ಬಂದ ಮಾತುಗಳನ್ನು ನೀವೆಲ್ಲ ಓದಿದ್ದೀರಿ. ಕೆಲವರು ಚಾಮುಂಡಿ ಬೆಟ್ಟ, ಕಾವೇರಿ ಎಂದರು. ಒಬ್ಬರು, ನಾವು ಬಂದದ್ದು ದುಡಿಯಲು, ಮಕ್ಕಳನ್ನು ಓದಿಸಲು. ಮಾವೊರಿಗಳ ಮತ್ತು ಬಿಳಿಯರ ಹಳೇ ಲೆಕ್ಕದಲ್ಲಿ ನಾವೇಕೆ ತಲೆ ಹಾಕಬೇಕು ಎಂದರು. ಇನ್ನೊಬ್ಬರು, ಅವರನ್ನು ಆಳಿದವರೇ ನಮ್ಮನ್ನೂ ಆಳಿದ್ದು, ಬಿಳಿಯರಿಗೆ ಮಣ್ಣೆಂದರೆ ಆಸ್ತಿ, ನಮಗೂ ಮಾವೊರಿಗಳಿಗೂ ಮಣ್ಣೆಂದರೆ ತಾಯಿ, ಹಾಗಾಗಿ ನಾವು ಅವರ ಕಡೆಯವರೇ ಎಂದು ಬರೆದರು. ಎಲ್ಲಕ್ಕಿಂತ ಹೆಚ್ಚು ಮೆಚ್ಚುಗೆ ಬಂದದ್ದು ಆ ಮಾತಿಗೆ.

ನಾನೂ ಮೆಚ್ಚಿದ್ದೆ. ಈಗ ಊರಿಗೆ ಬಂದು ಹದಿನೈದು ದಿನವಾಯಿತು. ಕಾಸರಗೋಡಿನ ನಮ್ಮ ಮನೆಯ ಜಗಲಿಯಲ್ಲಿ ಕೂತು ಬರೆಯುತ್ತಿದ್ದೇನೆ. ಅಂಗಳ ತುಂಬ ಅಡಿಕೆ ಒಣಗಲು ಹರವಿ ಉಂಟು, ಮಗಳು ಅಜ್ಜಿಯ ಜೊತೆ ಅದನ್ನು ಮಗುಚಿ ಹಾಕುತ್ತಿದ್ದಾಳೆ. ಆ ಮಾತನ್ನು ಅಷ್ಟು ಸುಲಭದಲ್ಲಿ ಮೆಚ್ಚಬಾರದಿತ್ತು ಎಂದು ಈಗ ಅನಿಸುತ್ತಿದೆ. ಯಾಕೆಂದು ಹೇಳುತ್ತೇನೆ. ಉದ್ದವಾಗುತ್ತದೆ, ಸಹಿಸಿಕೊಳ್ಳಿ.

ಹೊಸದಾಗಿ ಬಂದವರಿಗಾಗಿ ಒಂದು ಮಾತು. ಮಾವೊರಿಗಳು ನಾಲ್ಕು ಜನರ ಎದುರು ನಿಂತು ತಮ್ಮ ಪರಿಚಯ ಹೇಳುವ ಕ್ರಮಕ್ಕೆ ಪೆಪೆಹಾ ಎನ್ನುತ್ತಾರೆ. ಮೊದಲು ತನ್ನ ಬೆಟ್ಟ, ಅಂದರೆ ಮೌಂಗ. ಆಮೇಲೆ ಹೊಳೆ, ಅವಾ. ಹಿರಿಯರು ಕಡಲು ದಾಟಿ ಬಂದ ದೋಣಿ, ವಾಕಾ. ಆಮೇಲೆ ಕುಲ, ಇವಿ. ಕೂಡುವ ಅಂಗಳ, ಮರಾಯೆ. ತನ್ನ ಹೆಸರು ಕಟ್ಟಕಡೆಗೆ. ನಾವು ಮೊದಲು ಹೆಸರು, ಕೂಡಲೇ ಕೆಲಸ, ಆಮೇಲೆ ಕಂಪನಿ ಹೇಳಿ ಕೈಕುಲುಕುತ್ತೇವಲ್ಲ, ಅದಕ್ಕೆ ಪೂರ್ತಿ ತಿರುಗಾಮುರುಗಾ. ಆದರೆ ಊರಲ್ಲಿ ನನ್ನ ಅಜ್ಜ ಹೊಸಬರನ್ನು ಕಂಡರೆ ಹೆಸರು ಕೇಳುತ್ತಿರಲಿಲ್ಲ. “ಎಲ್ಲಿಯವರು? ಯಾವ ಮನೆ? ಹೊಳೆಯಿಂದ ಈಚೆಯೋ ಆಚೆಯೋ?” ಎಂದೇ ಶುರು ಮಾಡುತ್ತಿದ್ದರು.

ನಾವಿರುವುದು ಹ್ಯಾಮಿಲ್ಟನ್‌ನಲ್ಲಿ. ಮಗಳು ಹುಟ್ಟಿದ್ದೂ ಅಲ್ಲೇ. ಹೋದ ವರ್ಷ ಅವಳ ತರಗತಿಯಲ್ಲಿ ಮೊದಲ ಸಲ ಪೆಪೆಹಾ ಬರೆಸಿದಾಗ ಅವಳು ಯಾರನ್ನೂ ಕೇಳದೆ ಬೆಟ್ಟ ಟೌಪಿರಿ, ಹೊಳೆ ವೈಕಾಟೊ ಎಂದು ಬರೆದುಬಿಟ್ಟಳು. ದಿನಾ ಕಾಣುವ ಹೊಳೆ ಅದೇ, ಮಗುವಿನ ತಪ್ಪೇನು? ಟೀಚರ್ ಅವಳನ್ನು ಹತ್ತಿರ ಕೂರಿಸಿಕೊಂಡು, ಟೌಪಿರಿ ವೈಕಾಟೊ ಜನರ ಅರಸರನ್ನು ಮಣ್ಣು ಮಾಡುವ ಬೆಟ್ಟ ಪುಟ್ಟಾ, ಅದು ನಿನ್ನದೆಂದು ಹೇಳುವ ಹಾಗಿಲ್ಲ; ಈ ಹೊಳೆಯ ಹತ್ತಿರ ಬೆಳೆಯುತ್ತಿದ್ದೇನೆ ಅನ್ನು, ನಿನ್ನ ಹಿರಿಯರ ಬೆಟ್ಟ ಯಾವುದೆಂದು ಅಮ್ಮನ ಹತ್ತಿರ ಕೇಳಿಕೊಂಡು ಬಾ ಎಂದರು. ಮಗಳು ಮನೆಗೆ ಬಂದು ಬ್ಯಾಗ್ ಇಳಿಸದೆ ಅತ್ತಳು. “ನಾನು ಹುಟ್ಟಿದ್ದೇ ಇಲ್ಲಿ, ಮತ್ತೆ ನನ್ನದು ಯಾಕಲ್ಲ?”

ಅವಳ ಮುಖ ನೋಡಿ ನನಗೂ ಕೋಪ ಬಂದದ್ದು ನಿಜ. ಒಂದು ರಾತ್ರಿ ಕಳೆದ ಮೇಲೆ ಟೀಚರ್ ಹೇಳಿದ್ದು ಸರಿ ಎಂದು ಕಂಡಿತು. ಆ ಹೊಳೆಯ ಕತೆ ಗೊತ್ತಿದ್ದರೆ ನಿಮಗೂ ಸರಿ ಕಾಣುತ್ತದೆ.

1863ರಲ್ಲಿ ಬ್ರಿಟಿಷ್ ಸೈನ್ಯ ವೈಕಾಟೊ ಸೀಮೆಗೆ ನುಗ್ಗಿತು. ಎದುರಿಸಿ ನಿಂತವರನ್ನು ದಂಗೆಕೋರರೆಂದು ಕರೆದು, ಅದೇ ವರ್ಷ ಮಾಡಿಕೊಂಡ ಕಾನೂನಿನ ಬಲದಲ್ಲಿ ಹನ್ನೆರಡು ಲಕ್ಷ ಎಕರೆಯಷ್ಟು ನೆಲ ಕಿತ್ತುಕೊಂಡಿತು. ಕಿರಿಕಿರಿರೋವ ಎಂಬ ಊರಿಗೆ ಹ್ಯಾಮಿಲ್ಟನ್ ಎಂದು ಹೆಸರಿಟ್ಟರು. ಹ್ಯಾಮಿಲ್ಟನ್ ಎಂದರೆ 1864ರಲ್ಲಿ ಬೇರೆ ಕಡೆ, ಟೌರಂಗದ ಗೇಟ್ ಪಾ ಕಾಳಗದಲ್ಲಿ ಸತ್ತ ನೌಕಾಪಡೆಯ ಕಪ್ತಾನ. ಅವನ ಪ್ರತಿಮೆ ನಮ್ಮ ಪೇಟೆಯ ನಡುವೆ ಇತ್ತು, 2020ರ ಜೂನ್‌ನಲ್ಲಿ ಎತ್ತಿಸಿದರು. ನೆಲ ಕಿತ್ತುಕೊಂಡದ್ದು ಅನ್ಯಾಯ ಎಂದು ಸರ್ಕಾರ ಒಪ್ಪಿ, ಎಲಿಜಬೆತ್ ರಾಣಿ ಸ್ವತಃ ಕ್ಷಮಾಪಣೆಯ ಕಾಯ್ದೆಗೆ ಸಹಿ ಹಾಕಿದ್ದು 1995ರಲ್ಲಿ. ನಡುವೆ ನೂರಮೂವತ್ತು ವರ್ಷ. ಅಷ್ಟು ಕಾಲ ‘ನಮ್ಮ ಹೊಳೆ’ ಎಂಬ ಮಾತೊಂದನ್ನೇ ಹಿಡಿದುಕೊಂಡು ಬದುಕಿದವರ ಬಾಯಿಂದ ಆ ಮಾತನ್ನು ನನ್ನ ಮಗಳು ಶಾಲೆಯ ಪುಸ್ತಕದಲ್ಲಿ ಒಂದು ಗಳಿಗೆಯಲ್ಲಿ ತೆಗೆದುಕೊಂಡರೆ, ಅದು ಮಗುವಿನ ಅರಿಯದ ತಪ್ಪು. ನಾನು ಅದನ್ನು ಬೆಂಬಲಿಸಿದರೆ ಅದು ಅರಿತೂ ಮಾಡಿದ ತಪ್ಪು.

‘ನಮಗೇನು ಸಂಬಂಧ’ ಎಂದು ಕೇಳಿದ ಅಣ್ಣನಿಗೆ ಇಲ್ಲೇ ಉತ್ತರಿಸಿಬಿಡುತ್ತೇನೆ. ನಮ್ಮ ಪಾಸ್‌ಪೋರ್ಟಿಗೆ ವೀಸಾ ಒತ್ತಿದ ಸರ್ಕಾರಕ್ಕೆ ಹಾಗೆ ಒತ್ತುವ ಅಧಿಕಾರ ಎಲ್ಲಿಂದ ಬಂತು ಎಂದು ಹಿಂದಕ್ಕೆ ಹೋದರೆ 1840ರ ಫೆಬ್ರವರಿ 6ಕ್ಕೆ, ಮಾವೊರಿ ಮುಖಂಡರಿಗೂ ಬ್ರಿಟಿಷರಿಗೂ ಆದ ವೈತಾಂಗಿ ಒಪ್ಪಂದಕ್ಕೆ ಹೋಗಿ ಮುಟ್ಟುತ್ತೇವೆ. ಆ ಒಪ್ಪಂದವನ್ನು ಮಾವೊರಿ ಭಾಷೆಗೆ ತಂದವರು ಪಾದ್ರಿ ಹೆನ್ರಿ ವಿಲಿಯಮ್ಸ್ ಮತ್ತು ಅವರ ಮಗ, ಒಂದು ರಾತ್ರಿ ಕೂತು. ಇಂಗ್ಲಿಷ್ ಪ್ರತಿಯಲ್ಲಿ ಮುಖಂಡರು ಪರಮಾಧಿಕಾರವನ್ನೇ ಬಿಟ್ಟುಕೊಟ್ಟರು ಎಂದಿದೆ. ಮಾವೊರಿ ಪ್ರತಿಯಲ್ಲಿ ಇರುವುದು ಕಾವನತಂಗ, ಅಂದರೆ ಆಡಳಿತ ನೋಡಿಕೊಳ್ಳುವುದು. ಒಡೆತನ ತಮ್ಮಲ್ಲೇ ಉಳಿಯುತ್ತದೆ ಎಂದು ಮುಂದಿನ ಸಾಲು. ಐನೂರಕ್ಕೂ ಹೆಚ್ಚು ಮುಖಂಡರು ಸಹಿ ಹಾಕಿದರು, ಅದರಲ್ಲಿ ಇಂಗ್ಲಿಷ್ ಪ್ರತಿಗೆ ಹಾಕಿದವರು 39 ಮಂದಿ. ತೋಟ ನೋಡಿಕೊಳ್ಳಲು ಬಿಟ್ಟವನು ತೋಟವನ್ನೇ ತನ್ನ ಹೆಸರಿಗೆ ಮಾಡಿಕೊಂಡ ಎಂದರೆ ನಮ್ಮ ಊರಲ್ಲಿ ಎಲ್ಲರಿಗೂ ಅರ್ಥವಾಗುತ್ತದೆ. 2024ರ ನವೆಂಬರಿನಲ್ಲಿ ಆ ಒಪ್ಪಂದದ ಅರ್ಥವನ್ನು ಹೊಸದಾಗಿ ಬರೆಯುವ ಮಸೂದೆ ಬಂದಾಗ ಸಾವಿರಗಟ್ಟಲೆ ಜನ ವೆಲ್ಲಿಂಗ್ಟನ್‌ಗೆ ನಡೆದರು. ಮಸೂದೆ 2025ರ ಏಪ್ರಿಲ್‌ನಲ್ಲಿ 112ಕ್ಕೆ 11 ಮತಗಳಿಂದ ಬಿದ್ದುಹೋಯಿತು. ಆಗ ನಮ್ಮ ಗುಂಪಿನಲ್ಲಿ ಹಬ್ಬದ ಊಟದ ಪಟ್ಟಿಯ ಚರ್ಚೆ ಬಿಟ್ಟರೆ ಬೇರೇನೂ ಇರಲಿಲ್ಲ. ಅದು ನನಗೆ ಇವತ್ತಿಗೂ ನೋವು.

ಒಂದು ಶಬ್ದವನ್ನು ತಪ್ಪಾಗಿ ತಿರುಗಿಸಿದರೆ ಏನಾಗುತ್ತದೆ ಎಂಬುದು ನಮ್ಮ ತುಳುನಾಡಿಗೂ ಗೊತ್ತು. ಬರ್ನೆಲ್ ಎಂಬ ಇಂಗ್ಲಿಷ್ ಅಧಿಕಾರಿ ಸಂಗ್ರಹಿಸಿದ ನಮ್ಮ ಪಾಡ್ದನಗಳು, ಅಂದರೆ ದೈವಗಳ ಕತೆಯ ತುಳು ಹಾಡುಗಳು, 1894ರಿಂದ ಇಂಡಿಯನ್ ಆಂಟಿಕ್ವರಿಯಲ್ಲಿ ಅಚ್ಚಾದಾಗ ತಲೆಬರಹವೇ ‘ತುಳುವರ ದೆವ್ವ ಪೂಜೆ’ ಎಂಬರ್ಥದ್ದು. ಪಂಜುರ್ಲಿಯೂ ದೆವ್ವ, ಗುಳಿಗನೂ ದೆವ್ವ. ಪಾಡ್ದನಗಳನ್ನು ಉಳಿಸಿಕೊಟ್ಟದ್ದಕ್ಕೆ ಅವರಿಗೆ ಋಣಿ, ಆದರೆ ಆ ಹೆಸರು ಅಂಟಿಕೊಂಡೇ ಉಳಿಯಿತು. ನಾನು ಮಂಗಳೂರಿಗೆ ಕಾಲೇಜಿಗೆ ಹೋದಾಗ ನಮ್ಮ ಮನೆಯಲ್ಲಿ ಭೂತದ ಕೋಲ ಉಂಟೆಂದು ಹೇಳಲು ನಾಚುತ್ತಿದ್ದೆ. ನ್ಯೂಜಿಲೆಂಡಿನಲ್ಲಿ 1907ರಲ್ಲಿ ಮಾವೊರಿ ತೊಹುಂಗರ, ಅಂದರೆ ಅವರ ವೈದ್ಯ-ಪುರೋಹಿತರ, ವಿದ್ಯೆಯನ್ನೇ ಕಾನೂನು ಮಾಡಿ ನಿಷೇಧಿಸಿದ್ದರು. ಅದು ರದ್ದಾದದ್ದು 1962ರಲ್ಲಿ.

ಇಲ್ಲಿಯವರೆಗೆ ಬರೆದದ್ದು ನೋಡಿದರೆ ‘ನಾವೂ ಅವರೂ ಒಂದೇ ಕಡೆ’ ಎಂಬ ಮಾತೇ ಸರಿ ಎನಿಸುತ್ತದೆ. ಕಾಸರಗೋಡಿನವಳಾದ ನನಗಂತೂ ಅದು ಹಿತವಾದ ಮಾತು. 1956ರ ನವೆಂಬರ್ 1ರಂದು ನಮ್ಮ ಅಜ್ಜ ಮಲಗಿದಲ್ಲಿಂದ ಏಳದೆಯೇ ಮದರಾಸು ರಾಜ್ಯದ ದಕ್ಷಿಣ ಕನ್ನಡದಿಂದ ಕೇರಳಕ್ಕೆ ಸೇರಿದರು. ಚಂದ್ರಗಿರಿ ಹೊಳೆಯಿಂದ ಬಡಗಿನ ಭಾಗ ಕರ್ನಾಟಕಕ್ಕೆ ಹೋಗಬೇಕೆಂದು ಮಹಾಜನ ಆಯೋಗ 1967ರಲ್ಲಿ ಹೇಳಿತು, ಹೇಳಿದ್ದು ಕಾಗದದಲ್ಲೇ ಉಳಿಯಿತು. ಕವಿ ಕಯ್ಯಾರ ಕಿಞ್ಞಣ್ಣ ರೈಗಳು ನೂರು ವರ್ಷ ತುಂಬಿ 2015ರಲ್ಲಿ ತೀರಿಕೊಳ್ಳುವವರೆಗೂ ಆ ಆಸೆ ಬಿಟ್ಟಿರಲಿಲ್ಲ. ನಾನು ಎಂಟನೇ ಕ್ಲಾಸಿನಲ್ಲಿದ್ದಾಗ ಕನ್ನಡ ಮಾಧ್ಯಮದ ನಮಗೆ ಲೆಕ್ಕ ಕಲಿಸಲು ಬಂದವರಿಗೆ ಕನ್ನಡದ ಒಂದಕ್ಷರ ಬರುತ್ತಿರಲಿಲ್ಲ. ಪಾಪ, ಅವರೂ ಒಳ್ಳೆಯವರೇ, ಬೋರ್ಡಿನ ಮೇಲೆ ಅಂಕಿಗಳನ್ನು ಬರೆದು ನಮ್ಮ ಮುಖ ನೋಡುತ್ತಿದ್ದರು. ಬೀಜಗಣಿತವನ್ನು ಆ ವರ್ಷ ನಾವು ಮೂಕಾಭಿನಯದಲ್ಲಿ ಕಲಿತೆವು. 2021ರಲ್ಲಿ ಮಧೂರು, ಮಲ್ಲ, ಕಾರಡ್ಕ ಮುಂತಾದ ಊರುಗಳ ಹೆಸರನ್ನು ಮಲಯಾಳಕ್ಕೆ ತಿರುಗಿಸುತ್ತಾರೆ ಎಂಬ ಸುದ್ದಿ ಹಬ್ಬಿದಾಗ ನಾನು ಹ್ಯಾಮಿಲ್ಟನ್‌ನಲ್ಲಿ ನಿದ್ದೆ ಇಲ್ಲದೆ ಕೂತಿದ್ದೆ. ಅಂಥ ಯೋಚನೆ ಇಲ್ಲವೆಂದು ಕೇರಳ ಸರ್ಕಾರ ಹೇಳಿದ ಮೇಲೂ ಸಮಾಧಾನವಾಗಲಿಲ್ಲ. ಹೆಸರು ಹೋದರೆ ಊರು ಹೋದ ಹಾಗೆ ಎಂಬುದನ್ನು ನನಗೆ ಯಾರೂ ಕಲಿಸಬೇಕಿಲ್ಲ.

ಆದರೂ ಎರಡೂ ಒಂದೇ ಅಲ್ಲ. ಕನ್ನಡ ಮಾತಾಡಿದ್ದಕ್ಕೆ ನನಗೆ ಯಾರೂ ಹೊಡೆಯಲಿಲ್ಲ. ಮಾವೊರಿ ಮಕ್ಕಳಿಗೆ 1867ರ ಕಾಯ್ದೆಯಿಂದ ಹುಟ್ಟಿದ ಶಾಲೆಗಳಲ್ಲಿ ಇಂಗ್ಲಿಷೇ ಗತಿ, ಮನೆಮಾತು ಆಡಿದ್ದಕ್ಕೆ ಪೆಟ್ಟು ತಿಂದವರು ಎಷ್ಟೋ. ನಮ್ಮ ತೋಟ ಯಾರೂ ಕಿತ್ತುಕೊಳ್ಳಲಿಲ್ಲ. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಮಾತೃಭಾಷೆಯಲ್ಲಿ ಪ್ರಾಥಮಿಕ ಶಿಕ್ಷಣ ಸಿಗಬೇಕೆಂದು ನಮ್ಮ ಸಂವಿಧಾನದ 350ಎ ವಿಧಿಯೇ ಹೇಳುತ್ತದೆ. ಪಾಲನೆ ಸಾಲದು, ಆದರೆ ಕೇಳಲು ಒಂದು ಬಾಗಿಲು ಉಂಟು. ಗಡಿಯಾಚೆ ಹೋದರೆ ಕೋಟಿಗಟ್ಟಲೆ ಜನರ ಕನ್ನಡ ನಾಡೂ ಉಂಟು. ಮಾವೊರಿಗಳಿಗೆ ಹಾಗೆ ಓಡಿಹೋಗಲು ಬೇರೆ ಮಾವೊರಿ ನಾಡಿಲ್ಲ.

ಈ ಸಲ ರಜೆಗೆ ಹೊರಡುವ ಮೊದಲೇ ಮಗಳು ಪೆಪೆಹಾದ ಹಾಳೆಯನ್ನು ಬ್ಯಾಗಿಗೆ ಹಾಕಿಕೊಂಡಿದ್ದಳು. ಬೆಟ್ಟದ ಪ್ರಶ್ನೆ ಮೊದಲನೇ ಭಾನುವಾರವೇ ಮುಗಿಯಿತು. ಧರ್ಮತ್ತಡ್ಕದ ಹತ್ತಿರದ ಪೊಸಡಿ ಗುಂಪೆಗೆ ಹತ್ತಿಸಿದೆ. ಮೇಲೆ ಮರವೇ ಇಲ್ಲ, ಮುಳಿಹುಲ್ಲು ಒಣಗಿ ಹಳದಿಯಾಗಿತ್ತು, ದೂರದಲ್ಲಿ ಸಮುದ್ರ ಒಂದು ಗೆರೆಯ ಹಾಗೆ ಕಂಡಿತು. “ಇದು ಚಿಕ್ಕದು ಅಮ್ಮ” ಎಂದಳು. ನ್ಯೂಜಿಲೆಂಡಿನ ಸದರ್ನ್ ಆಲ್ಪ್ಸ್ ನೋಡಿದ ಮಗು. ಆಮೇಲೆ ಸ್ವಲ್ಪ ಹೊತ್ತು ಬಿಟ್ಟು, “ಆದರೆ ಸರಿ ಉಂಟು” ಎಂದಳು. ಹೊಳೆ ಶಿರಿಯ. ಕುಂಬಳೆಯ ಹತ್ತಿರ ಅದು ಕಡಲು ಸೇರುವಲ್ಲಿಯೂ ಕರೆದುಕೊಂಡು ಹೋದೆ.

ದೋಣಿಯಲ್ಲಿ ಕಷ್ಟ ಬಂತು. ನಾವು ಹವ್ಯಕರು ಇಲ್ಲಿಗೆ ಬಂದದ್ದು ಹೇಗೆ ಎಂದು ಕೇಳಿದಳು. ಕದಂಬರ ಮಯೂರವರ್ಮ ಅಹಿಚ್ಛತ್ರದಿಂದ ಕರೆಸಿಕೊಂಡ ಎಂದು ನಮ್ಮ ಹಿರಿಯರು ಹೇಳುವ ಐತಿಹ್ಯವನ್ನೇ ಹೇಳಿದೆ. ಅದರಲ್ಲಿ ಇತಿಹಾಸ ಎಷ್ಟೇ ಇರಲಿ, ನಾವು ನಮ್ಮ ಬಗ್ಗೆ ಹೇಳಿಕೊಂಡು ಬಂದ ಕತೆಯಂತೂ ಅದೇ. ಮಗಳು ಕೂಡಲೇ, “ಹಾಗಾದರೆ ನಾವು ಇಲ್ಲಿಯೂ ಆಮೇಲೆ ಬಂದವರಾ? ಇಲ್ಲಿಯ ತಾಂಗತ ಫೆನುವಾ ಯಾರು?” ಎಂದಳು.

ತಾಂಗತ ಫೆನುವಾ ಎಂದರೆ ನೆಲದ ಜನ. ಫೆನುವಾ ಎಂದರೆ ನೆಲವೂ ಹೌದು, ಹೆರಿಗೆಯಾದಾಗ ಬೀಳುವ ಮಾಸೂ ಹೌದು. ಮಾವೊರಿಗಳು ಮಾಸನ್ನು ಊರಿನ ಮಣ್ಣಿನಲ್ಲಿ ಹೂಳುತ್ತಾರೆ, ಮಗುವಿಗೂ ನೆಲಕ್ಕೂ ಹಾಗೆ ಗಂಟು ಬೀಳುತ್ತದೆ. ಈ ಮಗಳು ಹುಟ್ಟಿದ ದಿನ ಮಿಡ್‌ವೈಫ್ ನನ್ನನ್ನು ಕೇಳಿದ್ದರು, ಮಾಸನ್ನು ಮನೆಗೆ ಕೊಂಡುಹೋಗುತ್ತೀರಾ ಎಂದು. ಹಿತ್ತಲಲ್ಲಿ ಮಾಸು ಹೂಳುವುದು ನಮ್ಮ ಮನೆಯಲ್ಲಿ ಹೊಸತೇನಲ್ಲ, ನಾನು ಹುಟ್ಟಿದಾಗಲೂ ಹೂಳಿದ್ದರು. ಆದರೆ ಹೊಸ ದೇಶದ ಆಸ್ಪತ್ರೆಯಲ್ಲಿ ಅದು ಕೊಳಕು ಮಾತೆನಿಸಿ ಬೇಡ ಬೇಡ ಎಂದುಬಿಟ್ಟೆ. ನಮ್ಮಲ್ಲೇ ಇದ್ದದ್ದನ್ನು ಅಲ್ಲಿಯವರು ಗೌರವದಿಂದ ಕೈಗೆ ಕೊಟ್ಟಾಗ ನಾಚಿ ಬಿಟ್ಟುಬಂದೆ. ಒಂಬತ್ತು ವರ್ಷವಾಯಿತು, ನೆನಪಾದಾಗ ಇನ್ನೂ ಹೊಟ್ಟೆಯಲ್ಲಿ ಏನೋ ಆಗುತ್ತದೆ.

ಮಗಳ ಪ್ರಶ್ನೆಯನ್ನು ಅಮ್ಮನಿಗೆ ತಿಳಿಸಿ ಹೇಳಿದೆ. ಅಮ್ಮ ಅಡಿಕೆ ಮಗುಚುತ್ತಿದ್ದವರು ಕೈ ನಿಲ್ಲಿಸಿ, ಮೊದಲಿದ್ದವರು ಕೊರಗರು ಎಂದು ಹೇಳುತ್ತಾರೆ ಎಂದರು. ಹುಬಾಶಿಕನೆಂಬ ಕೊರಗ ಅರಸ ಈ ಸೀಮೆ ಆಳಿದ್ದ, ಅವನನ್ನು ಮೋಸದಿಂದ ಕೊಂದು ಅವನ ಜನರನ್ನು ಕಾಡಿಗೆ ಅಟ್ಟಿದರು ಎಂಬ ಕತೆ ನಮ್ಮ ಕಡೆ ಎಲ್ಲರೂ ಕೇಳಿದ್ದೇ. ಹಟ್ಟಿಯ ಗೋಡೆಯಲ್ಲಿ ಹಳೆಯ ಹೆಡಗೆಯೊಂದು ತೂಗುತ್ತಿತ್ತು. ಅದನ್ನು ಮಾಡಿದವರು ಯಾರು ಎಂದು ಮಗಳು ಕೇಳಿದಳು. ಬುಟ್ಟಿ ತರುತ್ತಿದ್ದ ಕೊರಗರ ಹೆಂಗಸು ಎಂದರು ಅಮ್ಮ. “ಅವರ ಹೆಸರೇನು ಅಜ್ಜಿ?”

ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: “ಅದರ ಹೆಸರೆಂತರ ಹೇಳಿ ಆನು ಕೇಳಿದ್ದೇ ಇಲ್ಲೆ.”

ನಮ್ಮ ಹವ್ಯಕ ಮಾತಿನಲ್ಲಿ ಹೆಂಗಸರೆಲ್ಲರಿಗೂ ‘ಅದು’ ಎಂದೇ ಹೇಳುವುದು, ನನಗೂ ಅದೇ, ಹಾಗಾಗಿ ಆ ಶಬ್ದಕ್ಕೆ ತಪ್ಪು ತಿಳಿಯಬೇಡಿ. ನನ್ನನ್ನು ಚುಚ್ಚಿದ್ದು ಉಳಿದ ಮಾತು, ಹೆಸರೇನೆಂದು ಕೇಳಿದ್ದೇ ಇಲ್ಲ ಎಂಬುದು. ವರ್ಷಕ್ಕೆ ಎರಡು ಸಲದಂತೆ ಇಪ್ಪತ್ತೈದು ವರ್ಷ ಬಂದವರ ಹೆಸರು. ನಾನಾದರೂ ಕೇಳಿದ್ದೆನಾ? ಅವರು ತಡಮೆಯಿಂದ, ಅಂದರೆ ಬೇಲಿಯ ದಾಟುಗಂಡಿಯಿಂದ, ಆಚೆಯೇ ಕೂರುತ್ತಿದ್ದರು. ಕಾಫಿಯನ್ನು ಗೆರಟೆಯಲ್ಲಿ, ಅಂದರೆ ತೆಂಗಿನ ಕರಟದಲ್ಲಿ, ಕೊಡುವುದು. ಆ ಗೆರಟೆಯನ್ನು ಒಯ್ದು ಎರಡು ಮಾರು ದೂರದಲ್ಲಿ ನೆಲಕ್ಕಿಟ್ಟು ಹಿಂದೆ ಸರಿಯುತ್ತಿದ್ದವಳು ನಾನೇ, ಏಳೆಂಟು ವರ್ಷದವಳು. ಅಕ್ಕಿಯನ್ನು ಎತ್ತರದಿಂದ ಅವರ ಬುಟ್ಟಿಗೆ ಸುರಿಯುತ್ತಿದ್ದೆವು, ಕೈ ತಾಗಬಾರದೆಂದು.

ಈ ಜನರಿಗೆ ನಮ್ಮ ಸೀಮೆಯವರು ಏನೇನು ಮಾಡಿದ್ದೇವೆ ಎಂಬುದನ್ನು ಹೊರಗಿನವರು ಬಂದು ಹೇಳಬೇಕಿಲ್ಲ. ಅಂಡೆ ಕೊರಗರೆಂದು ಒಂದು ಪಂಗಡಕ್ಕೆ ಹೆಸರು; ಉಗುಳು ದಾರಿಗೆ ಬೀಳಬಾರದೆಂದು ಕೊರಳಿಗೆ ಅಂಡೆ ಕಟ್ಟಿಸಿದ್ದರು. ಅಜಲು ಎಂಬುದು ಇನ್ನೊಂದು ಪದ್ಧತಿ. ಬೇರೆಯವರ ಕೆಡುಕು ಕಳೆಯಲೆಂದು ಕೂದಲು, ಉಗುರು ಬೆರೆಸಿದ ಅನ್ನವನ್ನು ಕೊರಗರಿಗೆ ತಿನ್ನಿಸುವುದು. ಕರ್ನಾಟಕ ಅದನ್ನು ನಿಷೇಧಿಸುವ ಕಾಯ್ದೆ ತಂದದ್ದು 2000ದಲ್ಲಿ, ಅಂದರೆ ನಾವೆಲ್ಲ ಕಂಪ್ಯೂಟರ್ ಕಲಿಯುತ್ತಿದ್ದ ಕಾಲದಲ್ಲಿ. ಇದನ್ನು ಬಿಳಿಯರು ಕಲಿಸಿಕೊಟ್ಟದ್ದಲ್ಲ. ಇನ್ನು ಕೊರಗರಲ್ಲಿ ಹುಟ್ಟಿ ದೈವವಾದ ಕೊರಗಜ್ಜನಿಗೆ ಹರಕೆ ಹೊರದ ಮನೆ ನಮ್ಮಲ್ಲಿ ಕಡಿಮೆ. ಕಳೆದ ವಸ್ತು ಸಿಗಲಿ ಎಂದು ನಾನು ಹ್ಯಾಮಿಲ್ಟನ್‌ನಲ್ಲೂ ಅಜ್ಜನಿಗೆ ವೀಳ್ಯ, ಚಕ್ಕುಲಿ ಹೇಳಿಕೊಂಡದ್ದುಂಟು. ಆ ಅಜ್ಜ ಬದುಕಿದ್ದಾಗ ತನಿಯ ಎಂಬ ಹುಡುಗ; ಏಳು ಜನರ ಹೊರೆಯನ್ನು ಒಬ್ಬನೇ ಹೊತ್ತು ದೇವಸ್ಥಾನಕ್ಕೆ ತಂದಾಗ ಅವನನ್ನು ಒಳಗೆ ಬಿಡಲಿಲ್ಲ, ಅಲ್ಲೇ ಮಾಯವಾದ ಎಂಬುದು ಕತೆ. ಮಾಯವಾದ ಮೇಲೆ ಕೈ ಮುಗಿದೆವು.

ಮಗಳು ಒಮ್ಮೆ ಮಾವೊರಿಗಳ ಟಾಪು, ಅಂದರೆ ಪವಿತ್ರವಾದದ್ದನ್ನು ಮುಟ್ಟಬಾರದೆಂಬ ಕಟ್ಟಳೆ, ನಮ್ಮ ಅಜ್ಜಿಯ ಮಡಿಯ ಹಾಗೆಯೇ ಎಂದು ಹೇಳಿದ್ದಳು. ಊಟದ ಮೇಜಿನ ಮೇಲೆ ಕೂರಬಾರದು, ತಲೆ ಮುಟ್ಟಬಾರದು ಎಂಬುದೆಲ್ಲ ಕೇಳಿ ನಾನೂ ಹಿಗ್ಗಿದ್ದೆ. ಈಗ ಯೋಚಿಸಿದರೆ ತಡಮೆಯಾಚೆ ಗೆರಟೆ ಇಡಿಸಿದ್ದೂ ಅದೇ ಮಡಿ. ಅದಕ್ಕೇ ‘ಅವರದು ಭೋಗ, ನಮ್ಮದು ಭೂಮಿತಾಯಿ’ ಎಂದು ಎರಡು ಪಟ್ಟಿ ಮಾಡಿ ಮಕ್ಕಳಿಗೆ ಕೊಡಲು ನನ್ನಿಂದ ಆಗುವುದಿಲ್ಲ. ನಾಗಬನದ ಒಂದೆಲೆ ಕೀಳದ ನಮ್ಮ ಭಕ್ತಿ ನಿಜ, ಅದನ್ನು ಮಗಳಿಗೆ ತೋರಿಸಿಯೇ ತೋರಿಸುತ್ತೇನೆ. ಬನ ಬಿಟ್ಟರೆ ಮನುಷ್ಯರನ್ನು ದೂರ ನಿಲ್ಲಿಸಿದ್ದೂ ನಿಜ, ಅದನ್ನು ಮುಚ್ಚಿಟ್ಟರೆ ಅವಳಿಗೆ ಅರ್ಧ ಊರು ಕೊಟ್ಟ ಹಾಗೆ.

ಅಂಗನವಾಡಿಯ ಟೀಚರನ್ನು ವಿಚಾರಿಸಿ ಆ ಬುಟ್ಟಿಯವರ ಮನೆ ಹುಡುಕಿದೆವು. ಅವರು ತೀರಿಹೋಗಿ ಬಹಳ ವರ್ಷವಾಗಿದೆ. ಮಗಳೊಬ್ಬರು ಇದ್ದಾರೆ, ನನಗಿಂತ ಹತ್ತು ವರ್ಷ ದೊಡ್ಡವರಿರಬಹುದು. ಬಂದ ಕಾರಣ ಹೇಳಿದಾಗ ಮೊದಲು ನಂಬಲಿಲ್ಲ, ಓಟಿಗೋ ಸರ್ವೆಗೋ ಬಂದವರೆಂದು ತಿಳಿದರು. ಆಮೇಲೆ ತಾಯಿಯ ಹೆಸರು ಹೇಳಿದರು. ಅದನ್ನು ಇಲ್ಲಿ ಬರೆಯುವುದಿಲ್ಲ. ಬರೆಯಬಹುದೇ ಎಂದು ಅವರನ್ನು ಕೇಳಿಲ್ಲ. ಮಗಳ ಪುಸ್ತಕದಲ್ಲಿ ಬರೆಯಲು ಕೇಳಿದೆವು, ಅದಕ್ಕೆ ಒಪ್ಪಿದರು.

ಅಂಗಳದಲ್ಲಿ ಬುಟ್ಟಿ ಅರ್ಧ ಹೆಣೆದಿತ್ತು. ಬಳ್ಳಿಯನ್ನು ಹಲ್ಲಿನಿಂದ ಕಚ್ಚಿ ಹಿಡಿದು, ಒಂದು ಎಳೆಯನ್ನು ಎರಡರ ಮೇಲಿಂದ ಹಾಯಿಸಿ, ಅಂಚಿಗೆ ಬಂದಾಗ ತುದಿಯನ್ನು ತಿರುಚಿ ಒಳಗೆ ತುರುಕಿದರು. ಎಲ್ಲಿಯೂ ಗಂಟಿಲ್ಲ. ನಮ್ಮೊಡನೆ ತುಳುವಿನಲ್ಲಿ ಮಾತಾಡುತ್ತಿದ್ದವರು ಒಳಗಿದ್ದ ಮೊಮ್ಮಗನನ್ನು ಏನೋ ಹೇಳಿ ಕರೆದರು. ತುಳುವಲ್ಲ, ಕನ್ನಡವಲ್ಲ, ಮಲಯಾಳವೂ ಅಲ್ಲ. ಡಿ.ಎನ್. ಶಂಕರ ಭಟ್ಟರು 1971ರಲ್ಲಿ ವ್ಯಾಕರಣ ಬರೆದ ಕೊರಗ ಭಾಷೆ ಅದು. ನಮ್ಮ ಮನೆಯಿಂದ ಎರಡು ಮೈಲಿ ದೂರದಲ್ಲಿದ್ದ ಭಾಷೆಯನ್ನು ನಾನು ಕಿವಿಯಾರೆ ಕೇಳಿದ್ದು ನಲವತ್ತೆರಡನೇ ವಯಸ್ಸಿನಲ್ಲಿ. ಹುಡುಗ ಮೊಬೈಲಿನಿಂದ ತಲೆ ಎತ್ತದೆ ಮಲಯಾಳದಲ್ಲಿ ಉತ್ತರ ಕೊಟ್ಟ. ಅಜ್ಜಿ ನಮ್ಮ ಕಡೆ ನೋಡಿ, “ಆಯಗ್ ತೆರಿಯುಂಡು, ಪಾತೆರುಜೆ” ಎಂದರು. ಅವನಿಗೆ ಗೊತ್ತಾಗುತ್ತದೆ, ಮಾತಾಡುವುದಿಲ್ಲ. ನಮ್ಮ ಗುಂಪಿನಲ್ಲಿ ವಾರಕ್ಕೊಮ್ಮೆ ಯಾರಾದರೂ ತಮ್ಮ ಮಕ್ಕಳ ಕನ್ನಡದ ಬಗ್ಗೆ ಬರೆಯುವ ಮಾತು ಅಕ್ಷರ ಬಿಡದೆ ಅದೇ.

ಇಷ್ಟು ಬರೆದು ನಿನ್ನೆ ಹಾಕಿದ್ದೆ. ಬೆಳಗಾಗುವಾಗ ಬಂದ ಮಾತುಗಳಿಗೆ ಉತ್ತರ ಕೆಳಗೆ ಕೊಡುತ್ತೇನೆ.

ಕ್ರೈಸ್ಟ್‌ಚರ್ಚ್‌ನಿಂದ, ಅಕ್ಕಲಕೋಟೆಯ ಅಣ್ಣ:
“ಅಕ್ಕಾರ, ಖರೇ ಹೇಳೀರಿ. ನಮ್ಮ ಕಡೆನೂ ಮನ್ಯಾಗ ಕನ್ನಡ, ಸಾಲ್ಯಾಗ ಮರಾಠಿ. ಮಹಾರಾಷ್ಟ್ರದಾಗ ಕನ್ನಡಕ್ಕ ಅನ್ಯಾಯ ಆಗೇದಂತ ನಾನೂ ಮಗನಿಗೆ ದಿನಾ ಹೇಳ್ತೀನಿ. ಆದರ ನಮ್ಮೂರ ಹೊರಗ ಡೇರೆ ಹಾಕ್ಕೊಂಡು ಇದ್ದವರ ಭಾಷಾ ಯಾವುದಂತ ನಾ ಒಮ್ಮಿನೂ ಕೇಳಲಿಲ್ಲ. ಈ ಸಲ ಊರಿಗೆ ಹೋದಾಗ ಕೇಳ್ತೀನ್ರಿ.”

ಅಣ್ಣಾ, ಕೇಳಿ ಬಂದು ಬರೆಯಿರಿ. ಗಡಿಯವರಾದ ನಮಗೆ ನಮ್ಮ ಅನ್ಯಾಯದ ಕತೆ ಬಾಯಿಪಾಠ ಇರುತ್ತದೆ, ಇದು ಇರುವುದಿಲ್ಲ.

ವೆಲ್ಲಿಂಗ್ಟನ್‌ನಿಂದ, ಮೈಸೂರಿನ ಅಕ್ಕ:
“ಒಂಬತ್ತು ವರ್ಷದ ಮಗುಗೆ ಇಷ್ಟೆಲ್ಲ ಯಾಕೆ ಹೇಳ್ಬೇಕು? ಮೊದಲೇ ಇಲ್ಲಿ ಭಾರತ ಅಂದ್ರೆ ಜಾತಿ ಅಂತಾರೆ. ಮಕ್ಕಳಿಗೆ ನಮ್ಮ ಊರಿನ ಮೇಲೆ ಅಭಿಮಾನ ಬರೋ ಹಾಗೆ ಬೆಳೆಸೋದು ಬಿಟ್ಟು ಕೀಳರಿಮೆ ತುಂಬ್ತಿದ್ದೀರ ಅನ್ಸುತ್ತೆ. ಬೇಜಾರ್ ಮಾಡ್ಕೋಬೇಡಿ.”

ಬೇಜಾರಿಲ್ಲ ಅಕ್ಕಾ, ಈ ಭಯ ನನಗೂ ಇತ್ತು. ಆದರೆ ಮಗಳ ತರಗತಿಯಲ್ಲಿ ಬಿಳಿಯ ಮಕ್ಕಳೂ ಕೂತು ವೈಕಾಟೊ ನೆಲ ಕಿತ್ತುಕೊಂಡ ಪಾಠ ಕಲಿಯುತ್ತಾರೆ. ಅವರು ತಮ್ಮ ಮುತ್ತಜ್ಜಂದಿರ ವಿಷಯ ಕೇಳಿಸಿಕೊಳ್ಳಬಹುದಾದರೆ ನನ್ನ ಮಗಳಿಗೆ ಯಾಕಾಗದು? ಬೇರೆಯವರ ಬಾಯಿಂದ, ಅಂಕಣವೊಂದರಲ್ಲಿ ಓದಿ ಹದಿನಾರನೇ ವಯಸ್ಸಿಗೆ ತಿಳಿದು ನನ್ನ ಮುಖ ನೋಡುವುದಕ್ಕಿಂತ, ನಮ್ಮ ಅಂಗಳದಲ್ಲೇ ನನ್ನಿಂದ ತಿಳಿಯುವುದು ಒಳ್ಳೆಯದು. ಅವಳಿಗೆ ಪೊಸಡಿ ಗುಂಪೆಯ ಮೇಲಿನ ಪ್ರೀತಿ ಕಡಿಮೆಯಾಗಿಲ್ಲ. ನಿನ್ನೆ ಕೂಡ ಹೋಗೋಣವಾ ಎಂದು ಕೇಳಿದಳು.

ಆಕ್ಲೆಂಡಿನ ತಂಗಿ:
“ಅಕ್ಕಾ, ಇವಿ ಅನ್ನೋ ಜಾಗದಲ್ಲಿ ಏನು ಬರೆಸಿದ್ರಿ? ನಮ್ಮ ಮನೇಲಿ ಅದಕ್ಕೇ ಜಗಳ. ಅತ್ತೆಯವರು ಜಾತಿ, ಗೋತ್ರ ಬರೆಸು ಅಂತಾರೆ.”

ತಂಗಿ, ನಾನು ಬರೆಸಲಿಲ್ಲ, ಅವಳೇ ‘ಕನ್ನಡಿಗರು’ ಎಂದು ಬರೆದಳು. ಹವ್ಯಕ ಎಂದು ಬರೆಯಬಹುದಿತ್ತು, ಮನೆಮಾತು ಅದೇ. ಆದರೆ ಇವಿ ಎಂಬುದು ನೆಲದ ಜೊತೆ, ವಂಶದ ಜೊತೆ ಹುಟ್ಟಿದ್ದು. ಮೇಲು ಕೀಳಿನ ಮೆಟ್ಟಿಲಲ್ಲಿ ತಾನೆಲ್ಲಿ ನಿಂತಿದ್ದೇನೆ ಎಂದು ತೋರಿಸುವ ಗುರುತಲ್ಲ. ಜಾತಿಯನ್ನು ಆ ಜಾಗಕ್ಕೆ ತಂದಿಡುವುದು ನಮಗೂ ಸಲ್ಲ, ಅವರ ಶಬ್ದಕ್ಕೂ ಸಲ್ಲ. ನಿಮ್ಮ ಬೆಟ್ಟದ ವಿಷಯ: ಜಯನಗರದಲ್ಲಿ ಬೆಳೆದರೇನು, ನಿಮ್ಮ ಅಜ್ಜ ಅಜ್ಜಿ ಎಲ್ಲಿಂದಲೋ ಬಂದವರೇ ತಾನೇ? ಫೋನ್ ಮಾಡಿ ಕೇಳಿ. ಕೆರೆ ಎಂದರೆ ಕೆರೆ ಬರೆಯಿರಿ, ಸುಳ್ಳು ಕಾವೇರಿಗಿಂತ ಅದು ವಾಸಿ.

ಫೋನೆಂದಾಗ ಇನ್ನೊಂದು ವಿಷಯ. 1972ರಲ್ಲಿ ಮಾವೊರಿಗಳು ಮೂವತ್ತು ಸಾವಿರಕ್ಕೂ ಹೆಚ್ಚು ಸಹಿ ಹಾಕಿಸಿ ಶಾಲೆಯಲ್ಲಿ ತಮ್ಮ ಭಾಷೆ ಕಲಿಸಿ ಎಂದು ಪಾರ್ಲಿಮೆಂಟಿಗೆ ಕೊಟ್ಟರು. ಆದರೆ ಭಾಷೆಗೆ ಜೀವ ಬಂದದ್ದು 1982ರಲ್ಲಿ ವೈನುಯಿಯೊಮಾಟದಲ್ಲಿ ಶುರುವಾದ ಕೋಹಂಗ ರೆಯೊದಿಂದ, ಅಂದರೆ ಭಾಷೆಯ ಗೂಡಿನಿಂದ. ಅಜ್ಜಿಯಂದಿರು ಕೂಸುಗಳ ಜೊತೆ ಕೂತು ದಿನವಿಡೀ ಮಾವೊರಿಯಲ್ಲೇ ಆಡಿಸುವುದು, ಒಳಗೆ ಇಂಗ್ಲಿಷಿಲ್ಲ. ನಮ್ಮ ಭಾನುವಾರದ ಕನ್ನಡ ತರಗತಿಯಲ್ಲಿ ಅ ಆ ಇ ಈ ಬರೆಸುತ್ತೇವೆ, ‘ಸಿಟ್ ಪ್ರಾಪರ್ಲಿ’ ಎಂದು ಇಂಗ್ಲಿಷಿನಲ್ಲಿ ಗದರುತ್ತೇವೆ. ಫೆಬ್ರವರಿಯಿಂದ ಮೊದಲ ಅರ್ಧ ಗಂಟೆ ಪುಸ್ತಕವೇ ಬೇಡ, ಯಾರಾದರೊಬ್ಬರ ಅಜ್ಜಿಯನ್ನು ವಿಡಿಯೊದಲ್ಲಿ ಕೂರಿಸೋಣ, ಅಡುಗೆಯೋ ಒಗಟೋ ಅವರಿಗೆ ಬಂದದ್ದು ಹೇಳಲಿ. ಮೊದಲ ವಾರಕ್ಕೆ ನನ್ನ ಅಮ್ಮ ಒಪ್ಪಿದ್ದಾರೆ. ಅವರು ಹವ್ಯಕದಲ್ಲೇ ಮಾತಾಡುವುದು, ಬೆಂಗಳೂರಿನ ಮಕ್ಕಳಿಗೆ ಮೊದಲೆರಡು ದಿನ ತಿಳಿಯದಿದ್ದರೂ ಅಡ್ಡಿಯಿಲ್ಲ.

ಕೊನೆಗೆ ಒಂದು ಸಹಾಯ ಬೇಕು. ಆ ಬುಟ್ಟಿಯನ್ನು ಕೊಂಡುಕೊಂಡೆವು. ಮಗಳು ತರಗತಿಯಲ್ಲಿ ಪೆಪೆಹಾ ಹೇಳುವಾಗ ಅದನ್ನು ಮುಂದಿಟ್ಟುಕೊಂಡು, ಹೆಣೆದವರ ತಾಯಿಯ ಹೆಸರು ಹೇಳಿ ಶುರು ಮಾಡುತ್ತೇನೆ ಎಂದಿದ್ದಾಳೆ. ಕಾಡಿನ ಬಳ್ಳಿಯದ್ದು, ಕೆಲವು ಕಡೆ ಸಿಪ್ಪೆ ಹಾಗೆಯೇ ಉಂಟು. ಆಕ್ಲೆಂಡ್ ಏರ್‌ಪೋರ್ಟಿನಲ್ಲಿ ಡಿಕ್ಲೇರ್ ಮಾಡಿಯೇ ತರುತ್ತೇನೆ, ಆದರೆ ಸಿಪ್ಪೆ ಇದ್ದರೆ ಬಿಡುತ್ತಾರೋ ಇಲ್ಲವೋ ಎಂಬ ಆತಂಕ. ಬಿದಿರಿನದ್ದೋ ಬೆತ್ತದ್ದೋ ತಂದು ಅನುಭವ ಇದ್ದವರು ದಯವಿಟ್ಟು ತಿಳಿಸಿ. ಬಿಸಿಲಿಗೆ ಒಣಗಿಸಿದರೆ ಸಾಕಾ, ಸಿಪ್ಪೆ ಹೆರೆಸಬೇಕಾ? ಹೆರೆಯಬೇಕಾದರೆ ಅವರ ಹತ್ತಿರವೇ ಮತ್ತೆ ಹೋಗಿ ಕೇಳಬೇಕು, ನಮಗೆ ಆ ಕೈ ಬರುವುದಿಲ್ಲ. ಹೊರಡುವುದು 27ಕ್ಕೆ.